‘ಬೇಟೆಗೆ ಯಾವ ರೈಫಲ್ ಚಲೋ?’ ಅಂತ ಇನ್ನೊಮ್ಮೆ ಕೇಳಬೇಡಿ

ನನ್ನ ಹತ್ತಿರ ಒಂದು ಬಂದೂಕಿದೆ. ಅಪ್ಪನ ಕಾಲದ್ದು, ಒಂಟಿ ನಳಿಗೆಯದು, ಬೆಳೆ ಕಾಯಲು ಅಂತ ಲೈಸೆನ್ಸ್ ಇರುವಂಥದ್ದು. ಇಷ್ಟು ಗೊತ್ತಾದರೆ ಸಾಕು. ಮದುವೆ ಮನೆಯಲ್ಲಿ, ಸಂತೆಯಲ್ಲಿ, ಗೊಬ್ಬರದ ಅಂಗಡಿ ಮುಂದೆ ಯಾರಾದರೂ ಪಕ್ಕಕ್ಕೆ ಕರೆದು ದನಿ ಇಳಿಸುತ್ತಾರೆ: “ಬ್ಯಾಟಿಗೆ ಒಂದು ಹಗುರ ರೈಫಲ್ ಹೇಳ್ರಿ ಅಣ್ಣಾ. ಸಿಂಗಲ್ ಶಾಟ್ ಆದ್ರೂ ನಡೀತೈತಿ. ರೇಟ್ ಕಮ್ಮಿ ಇರಬೇಕು ನೋಡ್ರಿ.”

ಟಾರ್ಚ್ ಕೊಳ್ಳುವವರೂ ಇದಕ್ಕಿಂತ ಜಾಸ್ತಿ ಯೋಚನೆ ಮಾಡುತ್ತಾರೆ. ಬಾಯಲ್ಲಿ ಹೇಳಿ ಸಾಕಾಗಿದೆ, ಬರೆದುಬಿಡುತ್ತೇನೆ.

ಬೇಟೆ ಅಪರಾಧ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೂ ಕೆಲವು ಪ್ರಾಣಿಗಳಿಗೆ ಲೈಸೆನ್ಸ್ ಮೇಲೆ ಅವಕಾಶ ಇತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ನಮ್ಮ ಯಲಬುರ್ಗಾ ಕಡೆ ಹೊಲ ದಾಟಿ ಓಡುವ ಚಿಗರಿ, ಬದುವಿನ ಮೇಲಿನ ನವಿಲು, ಎರಡೂ ಆ ಕಾಯ್ದೆ ಅತಿ ಹೆಚ್ಚು ರಕ್ಷಣೆ ಕೊಡುವ ಪ್ರಾಣಿಗಳ ಒಂದನೇ ಪಟ್ಟಿಯಲ್ಲಿವೆ. ಹೊಡೆದರೆ ಜೈಲು. ಬೆಳೆ ತಿನ್ನುವ ಹಂದಿಯನ್ನೂ ಅಪ್ಪಣೆ ಇಲ್ಲದೆ ಕೊಲ್ಲುವ ಹಾಗಿಲ್ಲ.

ಇನ್ನೊಂದು. ನನ್ನದು ರೈಫಲ್ಲೇ ಅಲ್ಲ. ರೈಫಲ್ ನಳಿಗೆಯ ಒಳಗೆ ತಿರುಪಿನ ಗೆರೆ ಇರುತ್ತದೆ, ಗುಂಡು ತಿರುಗುತ್ತಾ ಹೋಗುತ್ತದೆ. ನನ್ನದರ ನಳಿಗೆ ನುಣುಪು. ಬೆಳೆ ಕಾಯುವವನಿಗೆ 1959ರ ಆಯುಧ ಕಾಯ್ದೆ ಹೇಳುವುದೇ ಮೂತಿಯಿಂದ ಮದ್ದು ತುಂಬುವ ಬಂದೂಕು. ಅದು ಸಾಲದು ಅಂತ ಅಧಿಕಾರಿಗೆ ಅನಿಸಿದರೆ ಮಾತ್ರ ಬೇರೆ ನುಣುಪು ನಳಿಗೆಯದು ಸಿಗುತ್ತದೆ.

2024ರ ಲೋಕಸಭೆ ಚುನಾವಣೆ. ನಮ್ಮಲ್ಲಿ ಮೇ 7ಕ್ಕೆ ಮತದಾನ. ಬಂದೂಕು ತಂದು ಒಪ್ಪಿಸಿ ಅಂತ ಎಂದಿನಂತೆ ಠಾಣೆಯಿಂದ ಹೇಳಿ ಕಳಿಸಿದರು. ಕೌದಿಯಲ್ಲಿ ಸುತ್ತಿಕೊಂಡು ಹೊರಟೆ. ದಾರಿಯಲ್ಲಿ ಒಗ್ಗರಣಿ ಮಿರ್ಚಿ ತಿನ್ನಲು ಕೂತರೆ ಕೌದಿಯ ತುದಿಯಿಂದ ನಳಿಗೆ ಇಣುಕಬೇಕೇ? ಎದುರಿಗಿದ್ದ ಹುಡುಗ ಮಿರ್ಚಿ ಬಿಟ್ಟು ಮೊಬೈಲ್ ತೆಗೆದ. ಅಮೆರಿಕದ ಹ್ಯಾಂಡಿ ರೈಫಲ್ ವಿಡಿಯೊ. “ನೋಡ್ರಿ ಕಾಕಾ. ಮಡಚೋದು, ಒಂದು ತೋಟಾ ಹಾಕೋದು, ಮುಚ್ಚೋದು, ಹೊಡಿಯೋದು. ಕೊಪ್ಪಳದಾಗ ಎಲ್ಲಿ ಸಿಗ್ತೈತಿ?”

ನಿಜ ಹೇಳಬೇಕೆಂದರೆ ನನಗೂ ಅದು ಇಷ್ಟ. ಮ್ಯಾಗಜೀನ್ ಇಲ್ಲ, ಬಿಡಿಭಾಗ ಕಮ್ಮಿ, ಅದಕ್ಕೇ ಅಗ್ಗ, ಅದಕ್ಕೇ ಹಗುರ. ಆದರೆ ಅದನ್ನು ಮಾಡುವುದು 2015ರಲ್ಲೇ ನಿಂತಿದೆ ತಮ್ಮಾ, ಅಂದೆ. ಅದೂ ಅಲ್ಲದೆ ಹಗುರ ಅನ್ನುವ ಸುಖ ಹೊರುವಾಗ ಮಾತ್ರ. ತೋಟಾ ಅದೇ ಇದ್ದರೆ, ಬಂದೂಕು ಹಗುರಾದಷ್ಟೂ ಭುಜಕ್ಕೆ ಒದೆತ ಜಾಸ್ತಿ. ನಾನು ಮೊದಲ ಸಲ ಹಾರಿಸಿದಾಗ ಹಿಡಿಯನ್ನು ಭುಜಕ್ಕೆ ಒತ್ತಿಕೊಂಡಿರಲಿಲ್ಲ. ಮೂರು ದಿನ ಎಡಗೈಯಲ್ಲಿ ರೊಟ್ಟಿ ತಿಂದೆ. ಅವ್ವ ಎಣ್ಣೆ ಹಚ್ಚುತ್ತಾ, “ಹಂದಿ ಆರಾಮ ಐತೇನಪಾ?” ಅಂತ ಕೇಳಿದಳು.

ಹುಡುಗ ಎಲ್ಲ ಕೇಳಿಸಿಕೊಂಡ. “ಹಂಗಾದ್ರ ಏರ್‌ಗನ್?” ಅಂದ.

ನಳಿಗೆಯ ಒಳ ಅಳತೆ 4.5 ಮಿಲಿಮೀಟರ್ ಮೀರದ, ಗುಂಡಿನ ಹೊಡೆತದ ಶಕ್ತಿ 20 ಜೂಲ್ ದಾಟದ ಏರ್‌ಗನ್‌ಗೆ ಲೈಸೆನ್ಸ್ ಬೇಡ. ಡಬ್ಬಿಗೆ ಗುರಿ ಇಟ್ಟು ಹೊಡಿ, ಯಾರು ಬೇಡ ಅಂತಾರೆ? ಬೆಳವದ ಹಕ್ಕಿಗೆ ಹೊಡೆದರೆ ಮತ್ತದೇ ಕಾಯ್ದೆ.

ಇಷ್ಟೆಲ್ಲ ಕೇಳುವವರಲ್ಲಿ ಒಬ್ಬನಾದರೂ, ಬಂದೂಕು ಠಾಣೆಯಲ್ಲಿದ್ದಾಗ ಹೊಲ ಯಾರು ಕಾದರು ಅಂತ ಕೇಳಿದ್ದಾನೆಯೇ? ಹಂದಿಗೆ ನೀತಿ ಸಂಹಿತೆ ಇಲ್ಲ. ಬೋರ್‌ವೆಲ್ ನೀರಿನ ಬೇಸಿಗೆ ಶೇಂಗಾ, ಕಾಯಿ ಬಲಿಯುವ ಹೊತ್ತು. ಎಣ್ಣೆ ಡಬ್ಬಿ, ಬಡಿಗೆ, ಟಾರ್ಚ್ ಹಿಡಿದು ಅಟ್ಟಣಿಗೆ ಮೇಲೆ ಕೂತೆ. ಹಂದಿ ಬಂದದ್ದು ಕಣ್ಣಿಗೆ ಕಾಣುವುದಿಲ್ಲ, ಕೇಳಿಸುತ್ತದೆ. ಮೊದಲು ಬಳ್ಳಿ ಕೀಳುವ ಪರಪರ ಸದ್ದು, ಆಮೇಲೆ ಕಾಯಿ ಅಗಿಯುವ ಕಟಕಟ. ಡಬ್ಬಿ ಬಡಿದರೆ ಸುಮ್ಮನಾಗುತ್ತವೆ. ಎರಡು ನಿಮಿಷ ಬಿಟ್ಟು ಇನ್ನೊಂದು ಮೂಲೆಯಲ್ಲಿ ಶುರು. ಬೆಳಗ್ಗೆ ನೋಡಿದರೆ ನಾಲ್ಕು ಸಾಲು ಉತ್ತಿಟ್ಟ ಹಾಗಿತ್ತು.

ಬಂದೂಕು ಇದ್ದಿದ್ದರೂ ಆಕಾಶಕ್ಕೆ ಒಂದು ಹಾರಿಸುತ್ತಿದ್ದೆ, ಅಷ್ಟೇ. ಅಪ್ಪನೂ ಅಷ್ಟೇ ಮಾಡಿದ್ದು.

ಅವ್ವನ ಕವಣಿ ಇನ್ನೂ ಗೂಟಕ್ಕೆ ನೇತಾಡುತ್ತಿದೆ. ಜೋಳದ ಹೊಲದಲ್ಲಿ ಹಕ್ಕಿ ಓಡಿಸುತ್ತಿದ್ದದ್ದು. ಹಗುರ, ಸಿಂಗಲ್ ಶಾಟ್, ರೇಟ್ ಅಂತೂ ಇಲ್ಲವೇ ಇಲ್ಲ. ಮುಂದಿನ ಸಲ ಕೇಳಿದವನಿಗೆ ಅದನ್ನೇ ಕೈಗಿಡುತ್ತೇನೆ. ಕಲ್ಲು ಅವನೇ ಆರಿಸಿಕೊಳ್ಳಲಿ.