ಒಂದೇ ಪಾಠ, ಮೂರು ಮಟ್ಟ: ಇಂಗ್ಲಿಷ್ ಶಿಕ್ಷಕರ ತರಬೇತಿಯ ಕುರಿತು

ನಮ್ಮ ಸರ್ಕಾರಿ ಶಾಲೆಗಳ ಆರನೆಯ ತರಗತಿಯ ಇಂಗ್ಲಿಷ್ ಪೀರಿಯಡ್‌ನಲ್ಲಿ ಒಂದೇ ಬೆಂಚಿನ ಮೇಲೆ ಮೂರು ಮಟ್ಟದ ಮಕ್ಕಳು ಕೂತಿರುತ್ತಾರೆ. ಒಬ್ಬಳು ಸಣ್ಣ ಕಥೆಯನ್ನು ತಾನೇ ಓದಿ ಅರ್ಥ ಹೇಳಬಲ್ಲಳು, ಪಕ್ಕದವನಿಗೆ ಕೇಳಿದ್ದು ತಿಳಿದರೂ ಉತ್ತರಿಸಲು ಬಾಯಿ ಬರುವುದಿಲ್ಲ, ಮೂರನೆಯವನು ಅಕ್ಷರ ಕೂಡಿಸಿ ಓದಲು ಇನ್ನೂ ತಡವರಿಸುತ್ತಾನೆ. ಪಠ್ಯಪುಸ್ತಕ ಮಾತ್ರ ಮೂವರಿಗೂ ಒಂದೇ. 2007–08ರಿಂದ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಕಲಿಸಲಾಗುತ್ತಿದ್ದರೂ, ಈ ಅಂತರವನ್ನು ಎದುರಿಸುವುದು ಹೇಗೆ ಎಂಬುದನ್ನು ನಾವು ಶಿಕ್ಷಕರಿಗೆ ಸರಿಯಾಗಿ ಹೇಳಿಕೊಟ್ಟಿಲ್ಲವೆಂಬ ಕೊರಗು ಶಿಕ್ಷಕರಿಗೆ ತರಬೇತಿ ನೀಡುವ ಸಂಪನ್ಮೂಲ ವ್ಯಕ್ತಿಯಾಗಿ ಕೆಲಸ ಮಾಡುವ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ.

ತರಬೇತಿಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಉಪನ್ಯಾಸ. ಅಮೆರಿಕದ ಶಿಕ್ಷಣತಜ್ಞೆ ಕ್ಯಾರೊಲ್ ಆನ್ ಟಾಮ್ಲಿನ್‌ಸನ್ ಅವರ ವಿಚಾರಗಳು ಪರದೆಯ ಮೇಲೆ ಬರುತ್ತವೆ. ಕಲಿಯುವ ವಿಷಯ, ಕಲಿಯುವ ಬಗೆ, ಕಲಿತದ್ದನ್ನು ತೋರಿಸುವ ರೀತಿ ಇವುಗಳನ್ನು ಮಗುವಿಗೆ ತಕ್ಕಂತೆ ಬದಲಿಸಬಹುದೆಂದು ಶಿಕ್ಷಕರು ಬರೆದುಕೊಳ್ಳುತ್ತಾರೆ. ವಿಚಾರವೇನೋ ಸರಿಯಾದದ್ದೇ. ಆದರೆ ನಲವತ್ತು ನಿಮಿಷದ ಪೀರಿಯಡ್, ಎರಡು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳಬೇಕಾದ ಹೊರೆ, ನಡುವೆ ತುರ್ತಾಗಿ ಕೇಳುವ ಮಾಹಿತಿ ಪಟ್ಟಿಗಳು ಇರುವ ಶಾಲೆಗೆ ಮರಳಿದ ಮೇಲೆ ಆ ಟಿಪ್ಪಣಿ ಪುಸ್ತಕ ಬೀರು ಸೇರುತ್ತದೆ.

ಇದರಲ್ಲಿ ನನಗೆ ಹೆಚ್ಚು ನೋವು ತರುವ ಸಂಗತಿ ಬೇರೆಯೇ ಇದೆ. ಮಗುವಿನ ಮಟ್ಟಕ್ಕೆ ತಕ್ಕಂತೆ ಕಲಿಸುವ ಈ ವಿದ್ಯೆ ನಮ್ಮ ಶಿಕ್ಷಕರಿಗೆ ಹೊಸದಲ್ಲ. ಆಂಧ್ರದ ರಿಷಿ ವ್ಯಾಲಿ ಶಿಕ್ಷಣ ಸಂಸ್ಥೆಯ ಪ್ರಯೋಗದಿಂದ ಪ್ರೇರಣೆ ಪಡೆದು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶಿಕ್ಷಕರೇ ಕೈಜೋಡಿಸಿ ಕಟ್ಟಿದ, 2009–10ರಲ್ಲಿ ರಾಜ್ಯಾದ್ಯಂತ ವಿಸ್ತರಿಸಿದ ನಲಿ-ಕಲಿ ಎಂಬ ಕಲಿಕಾ ಪದ್ಧತಿಯ ಜೀವಾಳವೇ ಇದು. ಕಲಿಯಬೇಕಾದುದನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಲಿಕಾ ಏಣಿಯಲ್ಲಿ ಮಗು ತಾನಿರುವ ಮೆಟ್ಟಿಲಿನಿಂದ ಮುಂದೆ ಹೋಗುತ್ತದೆ. ಬೇಕಾದ ನೆರವಿಗೆ ತಕ್ಕಂತೆ ಮಕ್ಕಳನ್ನು ಗುಂಪು ಮಾಡುವ ‘ಗುಂಪು ತಟ್ಟೆ’ಗಳಲ್ಲಿ ಕೆಲವರಿಗೆ ಶಿಕ್ಷಕರ ಪೂರ್ಣ ನೆರವು, ಕೆಲವರಿಗೆ ಸಹಪಾಠಿಗಳ ನೆರವು ದೊರೆತರೆ, ಮತ್ತೆ ಕೆಲವರು ಸ್ವಂತವಾಗಿ ಕಲಿಯುತ್ತಾರೆ. ಒಂದರಿಂದ ಮೂರನೆಯ ತರಗತಿಯವರೆಗೆ ಇಷ್ಟನ್ನು ನಿಭಾಯಿಸಿದ ಶಿಕ್ಷಕಿಗೆ ಆರನೆಯ ತರಗತಿಯ ಇಂಗ್ಲಿಷ್ ತರಬೇತಿಯಲ್ಲಿ ಏನೂ ತಿಳಿಯದವರಂತೆ ಪಾಠ ಹೇಳುವುದು ಅನ್ಯಾಯ. ಆದ್ದರಿಂದ ನಾನು ಮೊದಲು ಕೇಳುವ ಪ್ರಶ್ನೆ, ‘ಮೇಡಂ, ನಲಿ-ಕಲಿಯಲ್ಲಿ ಇದನ್ನು ಹೇಗೆ ಮಾಡುತ್ತಿದ್ದಿರಿ?’ ಎಂಬುದು. ಅಲ್ಲಿಂದ ಮಾತು ತಾನಾಗಿ ಬೆಳೆಯುತ್ತದೆ.

ಆಮೇಲೆ ಕೈಕೆಲಸ. ತಾಲ್ಲೂಕು ಬಸ್ ನಿಲ್ದಾಣದ ವೇಳಾಪಟ್ಟಿಯನ್ನು ಇಂಗ್ಲಿಷಿನಲ್ಲಿ ಬರೆದು ಕೊಡುತ್ತೇನೆ. ಇಂಗ್ಲಿಷ್ ಬೋಧನಾ ತಜ್ಞ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ, ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾದ ಪ್ರಯೋಗದಲ್ಲಿ ವೇಳಾಪಟ್ಟಿ, ನಕ್ಷೆಗಳಂಥವನ್ನು ಮುಂದಿಟ್ಟು, ವ್ಯಾಕರಣದ ನಿಯಮಕ್ಕಿಂತ ಅರ್ಥದ ಕಡೆಗೆ ಮಕ್ಕಳ ಗಮನ ಸೆಳೆಯಲಾಗಿತ್ತು. ನಾನು ಅದೇ ದಾರಿ ಹಿಡಿಯುತ್ತೇನೆ. ಓದಲು ತಡವರಿಸುವ ಮಗುವಿಗೆ ಊರಿನ ಹೆಸರನ್ನು ಕಂಡುಹಿಡಿದು ‘ದ ಬಸ್ ಲೀವ್ಸ್ ಅಟ್...’ ಎಂಬ ವಾಕ್ಯದಲ್ಲಿ ಸಮಯ ತುಂಬುವ ಕೆಲಸ. ನಡುವಿನ ಮಟ್ಟದವರಿಗೆ ಅರ್ಧರ್ಧ ಪಟ್ಟಿ ಕೊಟ್ಟು, ತಮ್ಮಲ್ಲಿಲ್ಲದ ಸಮಯವನ್ನು ಜೊತೆಗಾರರನ್ನು ಕೇಳಿ ತಿಳಿಯುವ ಕೆಲಸ. ಮುಂದಿರುವವರಿಗೆ, ಅಜ್ಜಿಯನ್ನು ಹತ್ತು ಗಂಟೆಯೊಳಗೆ ಆಸ್ಪತ್ರೆಗೆ ಕರೆದೊಯ್ಯಲು ಯಾವ ಬಸ್ ಹತ್ತಬೇಕು, ಅದೇ ಏಕೆ ಎಂದು ಇಂಗ್ಲಿಷಿನಲ್ಲಿ ವಿವರಿಸುವ ಕೆಲಸ. ಪಟ್ಟಿ ಒಂದೇ ಆದ್ದರಿಂದ ಕೊನೆಯಲ್ಲಿ ಇಡೀ ತರಗತಿ ಒಂದೇ ವಿಷಯದ ಬಗ್ಗೆ ಮಾತನಾಡಬಹುದು. ಪ್ರತಿ ಮಟ್ಟಕ್ಕೂ ಬೇರೆ ಪಾಠ ತಯಾರಿಸಬೇಕಾಗುತ್ತದೆಂಬ ಶಿಕ್ಷಕರ ಭಯ ಇಲ್ಲಿ ಬಹುಮಟ್ಟಿಗೆ ಕರಗುತ್ತದೆ. ಮಧ್ಯಾಹ್ನ ಅವರವರ ಪಠ್ಯಪುಸ್ತಕದ ಮುಂದಿನ ಪಾಠವನ್ನೇ ತೆಗೆದುಕೊಂಡು, ತಮ್ಮ ತರಗತಿಯ ಮಕ್ಕಳ ಹೆಸರುಗಳನ್ನು ಎದುರಿಗಿಟ್ಟುಕೊಂಡು, ಇದೇ ರೀತಿ ಮೂರು ಹಂತದ ಚಟುವಟಿಕೆ ಬರೆಯಬೇಕು.

ಶಿಕ್ಷಕರ ಇಂಗ್ಲಿಷ್ ಕೂಡ ಒಂದೇ ಮಟ್ಟದಲ್ಲಿರುವುದಿಲ್ಲ ಎಂಬುದನ್ನು ತರಬೇತಿ ನೀಡುವವರು ಮರೆಯಬಾರದು. ನಿರರ್ಗಳವಾಗಿ ಮಾತನಾಡುವವರ ಪಕ್ಕದಲ್ಲೇ ಗಣಿತಕ್ಕೆ ನೇಮಕಗೊಂಡು ಅನಿವಾರ್ಯವಾಗಿ ಇಂಗ್ಲಿಷ್ ತೆಗೆದುಕೊಳ್ಳುತ್ತಿರುವವರು ಇರುತ್ತಾರೆ. ಎಲ್ಲರನ್ನೂ ಎದ್ದುನಿಲ್ಲಿಸಿ ಇಂಗ್ಲಿಷಿನಲ್ಲೇ ಮಾತನಾಡಿ ಎಂದರೆ ಎರಡನೆಯವರು ದಿನವಿಡೀ ತಲೆ ಎತ್ತುವುದಿಲ್ಲ. ಅವರಿಗೆ ಚರ್ಚೆ ಕನ್ನಡದಲ್ಲೇ ನಡೆಯಲಿ, ತರಗತಿಯಲ್ಲಿ ಬಳಸುವ ಹತ್ತಿಪ್ಪತ್ತು ಇಂಗ್ಲಿಷ್ ವಾಕ್ಯಗಳನ್ನು ಜೋಡಿಯಾಗಿ ಕೂತು ರೂಢಿಸಿಕೊಳ್ಳಲಿ ಎನ್ನುವುದು ನನ್ನ ನಿಲುವು.

ಒಂದು ಎಚ್ಚರಿಕೆಯನ್ನು ಮಾತ್ರ ಪ್ರತಿ ಬಾರಿಯೂ ಹೇಳುತ್ತೇನೆ. ಗುಂಪುಗಳು ಕಾಯಂ ಆಗಬಾರದು. ಓದುವಾಗ ಹಿಂದಿರುವ ಹುಡುಗ ಕೇಳಿ ಅರ್ಥಮಾಡಿಕೊಳ್ಳುವುದರಲ್ಲಿ ಮುಂದಿರಬಹುದು. ವರ್ಷವಿಡೀ ಅವನನ್ನು ಅದೇ ಮೂಲೆಯಲ್ಲಿ ಕೂರಿಸಿದರೆ ತಾನು ದಡ್ಡನೆಂದು ಅವನೇ ನಂಬಿಬಿಡುತ್ತಾನೆ. ಚಟುವಟಿಕೆ ಬದಲಾದಂತೆ ಗುಂಪೂ ಬದಲಾಗಬೇಕು, ಬದಲಾದದ್ದನ್ನು ಶಿಕ್ಷಕರು ಬರೆದಿಡಬೇಕು.

ತರಬೇತಿ ಮುಗಿದ ಮೇಲೆ ನಾನು ಕೇಳಿಕೊಳ್ಳುವುದು ಹೆಚ್ಚಿನದೇನಲ್ಲ: ತಿಂಗಳಿಗೆ ಒಂದು ಪಾಠವನ್ನಾದರೂ ಹೀಗೆ ರೂಪಿಸಿ, ಮಕ್ಕಳು ಬರೆದ ಹಾಳೆಗಳ ಸಮೇತ ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಗೆ ತನ್ನಿ. ಅಲ್ಲಿ ನಾಲ್ಕು ಶಾಲೆಯವರು ತಮ್ಮ ಪಾಠಗಳನ್ನು ಪರಸ್ಪರ ಬದಲಾಯಿಸಿಕೊಂಡರೂ ಪ್ರತಿಯೊಬ್ಬರ ಕೈಯಲ್ಲಿ ನಾಲ್ಕು ಪಾಠಗಳಿರುತ್ತವೆ.