ಪ್ಯಾಸಿವೋ ಆಕ್ಟಿವೋ: ಎರಡು ಪ್ರಿಆಂಪ್‌ಗಳನ್ನು ಕೇಳಿದ ಭಾನುವಾರ

ಪ್ರಿಆಂಪ್ ಎಂದರೆ ಪ್ಲೇಯರಿಗೂ ಸ್ಪೀಕರುಗಳನ್ನು ನಡೆಸುವ ಪವರ್ ಆಂಪಿಗೂ ನಡುವೆ ಕೂತು ವಾಲ್ಯೂಮ್ ಹೊಂದಿಸುವ ಪೆಟ್ಟಿಗೆ; ಕರೆಂಟಿನಿಂದ ನಡೆದು ಸಿಗ್ನಲನ್ನು ಹೆಚ್ಚಿಸಬಲ್ಲದ್ದು ಆಕ್ಟಿವ್. ಗೆಳೆಯರೊಬ್ಬರು ತಮ್ಮ ಆಕ್ಟಿವ್ ಪ್ರಿಆಂಪನ್ನು ಒಂದು ಭಾನುವಾರದ ಮಟ್ಟಿಗೆ ನಮ್ಮ ಮನೆಗೆ ತಂದಿದ್ದರಿಂದ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಕೊಂಡು ನಾನೇ ಜೋಡಿಸಿದ ಪ್ಯಾಸಿವ್ ಪ್ರಿಆಂಪಿನೊಂದಿಗೆ ಅದನ್ನು ಹೋಲಿಸಿ ಕೇಳುವುದು ಸಾಧ್ಯವಾಯಿತು. ನನ್ನ ಪೆಟ್ಟಿಗೆಯಲ್ಲಿರುವುದು 100 ಕಿಲೋ ಓಮ್‌ನ ವಾಲ್ಯೂಮ್ ಪಾಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್), ಸೆಲೆಕ್ಟರ್ ಸ್ವಿಚ್ ಮತ್ತು ಕೇಬಲ್ ಚುಚ್ಚುವ ಆರ್‌ಸಿಎ ಸಾಕೆಟ್‌ಗಳು ಮಾತ್ರ. ಅದಕ್ಕೆ ಕರೆಂಟ್ ಬೇಡ. ಅದು ಸಿಗ್ನಲನ್ನು ತಗ್ಗಿಸಬಲ್ಲದೇ ಹೊರತು ಹೆಚ್ಚಿಸಲಾರದು.

ತುಸು ಜೋರಾಗಿ ಕೇಳಿಸುವುದೇ ಚೆನ್ನಾಗಿದೆ ಎಂದು ಕಿವಿ ಒಪ್ಪಿಬಿಡುತ್ತದೆ. ಆದ್ದರಿಂದ ಮೊದಲು 400 ಹರ್ಟ್ಸ್‌ನ ಸ್ವರವೊಂದನ್ನು ನುಡಿಸಿ, ಪವರ್ ಆಂಪಿಗೆ ಹೋಗುವ ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ನೋಡುತ್ತಾ, ಎರಡರ ನಡುವೆ ಶೇಕಡಾ 1ಕ್ಕಿಂತ ಹೆಚ್ಚು ಅಂತರ ಉಳಿಯದಂತೆ ಸರಿಹೊಂದಿಸಿದೆವು. ಈ ಕೆಲಸ ಮಾಡದೆ ಕೊಡುವ ತೀರ್ಪಿಗೆ ನಾನು ಬೆಲೆ ಕೊಡುವುದಿಲ್ಲ.

ಮೆಲುದನಿಯಲ್ಲಿ ಮುದ್ರಿತವಾದ ಹಿಂದೂಸ್ತಾನಿ ಗಾಯನದ ಸಿಡಿಯೊಂದನ್ನು ಹಾಕಿ, ವಾಲ್ಯೂಮನ್ನು ಸಿಗ್ನಲಿನ ಅರ್ಧದಷ್ಟು ಹೊರಗೆ ಬರುವಲ್ಲಿ ನಿಲ್ಲಿಸಿದ್ದೆವು. ಆಕ್ಟಿವ್ ಪ್ರಿಆಂಪಿನಲ್ಲಿ ತಂಬೂರಿಯ ಜವಾರಿ, ಅಂದರೆ ಅದರ ಝೇಂಕಾರ, ತಂತಿಯಿಂದ ಎದ್ದು ಹರಡಿಕೊಳ್ಳುವುದು ಸ್ಪಷ್ಟವಾಗಿ ಕೇಳುತ್ತಿತ್ತು; ನನ್ನದರಲ್ಲಿ ಗಾಯಕರ ಕಂಠ ಹಾಗೆಯೇ ಇದ್ದರೂ ಆ ಜವಾರಿಯ ಅಂಚು ಮಂಕಾಗಿತ್ತು. ಕಾರಣವಿದ್ದದ್ದು ಸ್ಪೀಕರುಗಳ ಪಕ್ಕದಲ್ಲಿದ್ದ ಪವರ್ ಆಂಪಿನವರೆಗೆ ಎಳೆದಿದ್ದ 5 ಮೀಟರ್ ಕೇಬಲಿನಲ್ಲಿ. ಆ ಸ್ಥಾನದಲ್ಲಿ ಪಾಟಿನ ಔಟ್‌ಪುಟ್ ಇಂಪಿಡೆನ್ಸ್ (ಹೊರಹೋಗುವ ಸಿಗ್ನಲಿಗೆ ಎದುರಾಗುವ ತಡೆ) ಪಾಟಿನ ಮೌಲ್ಯದ ಕಾಲು ಭಾಗ, ಅಂದರೆ ಸುಮಾರು 25 ಕಿಲೋ ಓಮ್. ಮೀಟರಿಗೆ 100 ಪಿಕೋಫ್ಯಾರಡ್‌ನಂತೆ ಕೇಬಲಿನ ಕೆಪಾಸಿಟನ್ಸ್ (ವಿದ್ಯುದಂಶವನ್ನು ಹಿಡಿದಿಡುವ ಗುಣ) 500 ಪಿಕೋಫ್ಯಾರಡ್. ಇವೆರಡೂ ಸೇರಿದರೆ ಮೇಲಿನ ಸ್ವರಗಳು ತಗ್ಗುತ್ತಾ ಹೋಗಿ 12.7 ಕಿಲೋಹರ್ಟ್ಸ್ ಹೊತ್ತಿಗೆ ಸಿಗ್ನಲ್ 3 ಡೆಸಿಬೆಲ್ ಕುಸಿದಿರುತ್ತದೆ. ವಾಲ್ಯೂಮನ್ನು ಚೆನ್ನಾಗಿ ತಗ್ಗಿಸಿದಾಗ ಈ ಇಂಪಿಡೆನ್ಸೂ ಇಳಿಯುವುದರಿಂದ, ರಾತ್ರಿ ಮೆಲ್ಲಗೆ ಕೇಳುವವರಿಗೆ ಇದು ಗಮನಕ್ಕೇ ಬಾರದಿರಬಹುದು.

ಪವರ್ ಆಂಪನ್ನು ಹತ್ತಿರಕ್ಕೆ ತಂದು 1 ಮೀಟರಿನ ಕೇಬಲ್ ಹಾಕಿದೆವು. ಜವಾರಿ ಮರಳಿತು! ಆಮೇಲೆ ಗೆಳೆಯರು ಕಣ್ಣು ಮುಚ್ಚಿ ಕುಳಿತು, ನಾನು ಹಿಂದೆ ನಿಂತು ಕೇಬಲ್ ಬದಲಿಸುತ್ತಾ ಹೋದಾಗ, ಯಾವುದು ಯಾವುದೆಂದು ಅವರಿಗೆ ಖಚಿತವಾಗಿ ಹೇಳಲಾಗಲಿಲ್ಲ. ಜಾಗ ಬದಲಿಸಿ ಕುಳಿತ ನನಗೂ ಆಗಲಿಲ್ಲ.

ಎಲ್‌ಪಿ ಹಾಕಿದಾಗ ಮಾತ್ರ ಲೆಕ್ಕ ಬೇರೆಯಾಯಿತು. ಸಿಡಿ ಪ್ಲೇಯರ್ ಗರಿಷ್ಠ 2 ವೋಲ್ಟ್‌ನಷ್ಟು ಕೊಡುತ್ತದೆ, ಪವರ್ ಆಂಪಿಗೆ ಅದು ಧಾರಾಳ. ಆದರೆ ಎಲ್‌ಪಿಯ ಮೇಲೆ ಓಡುವ ಸೂಜಿಯಿರುವ ಕಾರ್ಟ್ರಿಜ್‌ನ 5 ಮಿಲಿವೋಲ್ಟ್, ಅದನ್ನು ನೂರು ಪಟ್ಟು ಹೆಚ್ಚಿಸುವ 40 ಡೆಸಿಬೆಲ್‌ನ ಫೋನೊ ಹಂತವನ್ನು ದಾಟಿದ ಮೇಲೂ ಅರ್ಧ ವೋಲ್ಟ್ ಮಾತ್ರ. ನನ್ನ ಪೆಟ್ಟಿಗೆಯ ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿದರೂ ಹಾಡಿಗೆ ಕಸುವು ಬರಲಿಲ್ಲ. ಎಲ್‌ಪಿಯನ್ನೇ ಹೆಚ್ಚು ಕೇಳುವ ಗೆಳೆಯರಿಗೆ ಆಕ್ಟಿವ್ ಪ್ರಿಆಂಪೇ ಸರಿ. ಸಿಡಿ ಕೇಳುವ ನಾನು ಪ್ಯಾಸಿವ್ ಪೆಟ್ಟಿಗೆಯನ್ನೇ ಉಳಿಸಿಕೊಂಡು, ಔಟ್‌ಪುಟ್ ಇಂಪಿಡೆನ್ಸ್ ತಗ್ಗಲೆಂದು ಅದಕ್ಕೆ 10 ಕಿಲೋ ಓಮ್‌ನ ಪಾಟ್ ಕೂರಿಸುತ್ತಿದ್ದೇನೆ. ನನ್ನ ಪ್ಲೇಯರಿನ ಔಟ್‌ಪುಟ್ ಹಂತಕ್ಕೆ ಆ ಹೊರೆ ಹೆಚ್ಚಲ್ಲ.