ನಿಂಗೆ ಅಲ್ಲಿ ವೋಟೇ ಇಲ್ವಲ್ಲ, ಆ ಕೋರ್ಸ್ ಯಾಕೆ ಓದ್ದೆ?

ರಜಕ್ಕೆ ಅರಸೀಕೆರೆಗೆ ಬಂದಾಗೆಲ್ಲಾ ಈ ಪ್ರಶ್ನೆ ತಪ್ಪಿದ್ದಲ್ಲ. ಮದುವೆ ಮನೇಲಿ ಪಂಕ್ತೀಲಿ ಕೂತಿರ್ತೀನಿ, ಪಕ್ಕದಲ್ಲಿರೋ ದೊಡ್ಡಪ್ಪನೋ ಅತ್ತೆನೋ "ಏನ್ ಓದ್ತಿದೀಯಮ್ಮಾ" ಅಂತ ಶುರು ಮಾಡ್ತಾರೆ, ಕಂಪ್ಯೂಟರ್ ಸೈನ್ಸ್ ಅಂದ್ರೆ ಖುಷಿ, ಅದರ ಜೊತೆ ಅಮೆರಿಕನ್ ಗವರ್ನಮೆಂಟ್ ಅಂತ ಎರಡು ಕೋರ್ಸ್ ಮುಗಿಸಿದೆ ಅಂದ್ರೆ ಮಾತ್ರ ಹುಬ್ಬು ಗಂಟಾಗುತ್ತೆ. ವೀಸಾ ಮೇಲೆ ಇರೋಳು ನೀನು, ವೋಟ್ ಹಾಕೋ ಹಾಗಿಲ್ಲ, ಅಷ್ಟು ಫೀಸ್ ಕಟ್ಟಿ ಅವರ ಸರ್ಕಾರದ ಬಗ್ಗೆ ಓದಿ ಏನ್ ಮಾಡ್ತೀಯಾ? ಪಾಯಸ ಬರೋಷ್ಟರಲ್ಲಿ ಇದಕ್ಕೆ ಉತ್ತರ ಹೇಳೋಕಾಗಲ್ಲ, ಅದಕ್ಕೆ ಇಲ್ಲಿ ಬರೀತಿದೀನಿ.

ಮೊದಲು ಸುಲಭದ ಉತ್ತರ. ನಾನು ಓದೋ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಸರ್ಕಾರಿ ಯೂನಿವರ್ಸಿಟೀಲಿ ಡಿಗ್ರಿ ಬೇಕು ಅಂದ್ರೆ ಇಂಜಿನಿಯರಿಂಗ್ ಆಗ್ಲಿ ಸಂಗೀತ ಆಗ್ಲಿ 6 ಕ್ರೆಡಿಟ್, ಅಂದ್ರೆ ಎರಡು ಕೋರ್ಸಿನಷ್ಟು, ಗವರ್ನಮೆಂಟ್ ಓದಲೇಬೇಕು, ರಾಜ್ಯದ ಕಾನೂನೇ ಹಾಗಿದೆ. ಗವರ್ನಮೆಂಟ್ 2305 ಅಂದ್ರೆ ಫೆಡರಲ್, ಅಂದ್ರೆ ಇಡೀ ದೇಶದ ಸರ್ಕಾರ, 2306 ಅಂದ್ರೆ ಟೆಕ್ಸಾಸ್. ಹೊರದೇಶದವರು ಅಂತ ವಿನಾಯಿತಿ ಏನೂ ಸಿಗಲಿಲ್ಲ.

ಟೆಕ್ಸಾಸ್ ಕೋರ್ಸಲ್ಲಿ ಆಶ್ಚರ್ಯ ಪಡೋದು ಬೇಕಾದಷ್ಟಿತ್ತು. ಅವರ ಸಂವಿಧಾನ 1876ರದ್ದು, 500ಕ್ಕಿಂತ ಜಾಸ್ತಿ ಸಲ ತಿದ್ದಿದಾರೆ. ಶಾಸನಸಭೆಯ ಮಾಮೂಲಿ ಅಧಿವೇಶನ ಎರಡು ವರ್ಷಕ್ಕೊಂದು ಸಲ, ಹೆಚ್ಚಂದ್ರೆ 140 ದಿನ. ರೈಲ್‌ರೋಡ್ ಕಮಿಷನ್ ಅಂತ ಒಂದಿದೆ, ಅದು ನೋಡ್ಕೊಳ್ಳೋದು ತೈಲ ಮತ್ತು ಗ್ಯಾಸ್. ಜಡ್ಜ್‌ಗಳು ಪಾರ್ಟಿ ಹೆಸರಲ್ಲಿ ಎಲೆಕ್ಷನ್‌ಗೆ ನಿಲ್ತಾರೆ, ಇದು ನಂಗೆ ಇವತ್ತಿಗೂ ಸರಿ ಅನ್ಸಿಲ್ಲ. ಗವರ್ನರ್ ಅಂದ್ರೆ ನಮ್ಮ ರಾಜ್ಯಪಾಲರ ಥರ ದೆಹಲಿಯಿಂದ ಬರೋರಲ್ಲ, ಜನರೇ ಆರಿಸೋದು. ರಾಜ್ಯ ಸರ್ಕಾರನ ಪ್ರೆಸಿಡೆಂಟ್ ವಜಾ ಮಾಡೋ ಹಾಗೇ ಇಲ್ಲ. ಅದನ್ನ ಕೇಳಿದ ದಿನ ನಾನು ಕೈ ಎತ್ತಿ ಬೊಮ್ಮಾಯಿ ಕೇಸ್ ಹೇಳಿದೆ, 1989ರಲ್ಲಿ ನಮ್ಮ ಮುಖ್ಯಮಂತ್ರಿಗೆ ಸದನದಲ್ಲಿ ಬಹುಮತ ತೋರಿಸೋಕೂ ಬಿಡದೆ ಸರ್ಕಾರ ತೆಗೆದಿದ್ದು, 1994ರಲ್ಲಿ ಒಂಬತ್ತು ಜಡ್ಜ್‌ಗಳ ಪೀಠ ಬಹುಮತ ತೀರ್ಮಾನ ಆಗಬೇಕಾದ್ದು ರಾಜಭವನದಲ್ಲಲ್ಲ ಸದನದಲ್ಲಿ ಅಂದಿದ್ದು. ಪ್ರೊಫೆಸರ್ ಬರ್ಕೊಂಡ್ರು.

ಆದ್ರೆ ದೊಡ್ಡಪ್ಪನ ಪ್ರಶ್ನೆಗೆ ನಿಜವಾದ ಉತ್ತರ ಸಿಕ್ಕಿದ್ದು ಫೆಡರಲ್ ಕೋರ್ಸಲ್ಲಿ. ಆವತ್ತು ಎಲ್ಲರಿಗೂ ಅಂಗೈ ಅಗಲದ ಸಂವಿಧಾನದ ಪುಸ್ತಕ ಹಂಚಿದ್ರು, ಹದಿನಾಲ್ಕನೇ ತಿದ್ದುಪಡಿ ತೆಗೀರಿ, 1868ರದ್ದು, ಅದರ ಮೊದಲನೇ ಭಾಗದಲ್ಲಿ "ಸಿಟಿಜನ್" ಅಂತ ಇರೋ ಕಡೆ ಒಂದು ಬಣ್ಣ, "ಪರ್ಸನ್" ಅಂತ ಇರೋ ಕಡೆ ಇನ್ನೊಂದು ಬಣ್ಣದಲ್ಲಿ ಸುತ್ತು ಹಾಕಿ ಅಂದ್ರು. ಹಾಕಿದೆ. ಸಿಟಿಜನ್ ಎರಡು ಕಡೆ, ಪರ್ಸನ್ ಮೂರು ಕಡೆ. ಪೌರತ್ವ ಯಾರಿಗೆ, ಪೌರರ ವಿಶೇಷ ಹಕ್ಕೇನು ಅನ್ನೋವಾಗ ಸಿಟಿಜನ್. ಆದ್ರೆ ಜೀವ, ಸ್ವಾತಂತ್ರ್ಯ, ಆಸ್ತಿ, ಕಾನೂನಿನ ಸಮಾನ ರಕ್ಷಣೆ, ಮೊದಲ ಮೂರನ್ನ ಸರಿಯಾದ ಕಾನೂನು ಕ್ರಮ ಇಲ್ಲದೆ ಯಾರಿಂದಲೂ ಕಿತ್ಕೊಳ್ಳೋ ಹಾಗಿಲ್ಲ, ಕೊನೇದನ್ನ ಯಾರಿಗೂ ಇಲ್ಲ ಅನ್ನೋ ಹಾಗಿಲ್ಲ ಅನ್ನೋವಾಗ ಪರ್ಸನ್. ನಾನು ಸಿಟಿಜನ್ ಅಲ್ಲ. ಪರ್ಸನ್ ಹೌದು. ಆ ಎರಡನೇ ಬಣ್ಣದ ಸುತ್ತಿನೊಳಗೆ ನಾನೂ ಇದೀನಿ ಅಂತ ಗೊತ್ತಾದಾಗ ಮೈ ಜುಂ ಅಂತು, ಉತ್ಪ್ರೇಕ್ಷೆ ಅಲ್ಲ.

ಈ ಪದಕ್ಕೆ ಬೆಲೆ ಬರೋ ಹಾಗೆ ಹೋರಾಡಿದ್ದು ಒಬ್ಬ ಬಟ್ಟೆ ಒಗೆಯೋನು. 1880ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರಾಡಳಿತದವರು ಮರದ ಕಟ್ಟಡದಲ್ಲಿ ಲಾಂಡ್ರಿ ನಡೆಸಬೇಕಂದ್ರೆ ಪರ್ಮಿಟ್ ಬೇಕು ಅಂತ ನಿಯಮ ಮಾಡಿದ್ರು. ನಿಯಮದಲ್ಲಿ ಚೀನೀಯರ ಹೆಸರೇ ಇಲ್ಲ, ಓದಿದ್ರೆ ಬೆಂಕಿ ಸುರಕ್ಷತೆ ಅನ್ಸುತ್ತೆ. ಆದ್ರೆ ಅರ್ಜಿ ಹಾಕಿದ ಇನ್ನೂರು ಚೀನೀಯರಿಗೆ ಒಬ್ಬರಿಗೂ ಕೊಡಲಿಲ್ಲ, ಉಳಿದ ಎಂಬತ್ತು ಜನರಲ್ಲಿ ಹೆಚ್ಚೂಕಡಿಮೆ ಎಲ್ಲರಿಗೂ ಕೊಟ್ರು. ಯಿಕ್ ವೋ ಅನ್ನೋ ಲಾಂಡ್ರಿಯವನು 22 ವರ್ಷದಿಂದ ಅದೇ ಕಟ್ಟಡದಲ್ಲಿ ಬಟ್ಟೆ ಒಗೀತಿದ್ದೋನು, ಪರ್ಮಿಟ್ ಇಲ್ಲದೆ ಕೆಲಸ ಮುಂದುವರಿಸಿದ, ದಂಡ ಕಟ್ಟದೆ ಜೈಲಿಗೆ ಹೋದ, ಕೇಸ್ ಸುಪ್ರೀಂ ಕೋರ್ಟ್ ತನಕ ಹೋಯ್ತು. ಅವನು ಪೌರ ಆಗೋಕೂ ಆಗಿನ ಕಾನೂನಲ್ಲಿ ದಾರಿ ಇರಲಿಲ್ಲ, ಅಂದ್ರೆ ವೋಟೂ ಇಲ್ಲ, ದೊಡ್ಡಪ್ಪ ಹೇಳೋ ಹಾಗೇನೇ. 1886ರಲ್ಲಿ ಕೋರ್ಟ್ ಒಮ್ಮತದಿಂದ ಹೇಳಿತು, ಈ ರಕ್ಷಣೆ ಪೌರರಿಗೆ ಮಾತ್ರ ಅಲ್ಲ, ಈ ನೆಲದಲ್ಲಿರೋ ಎಲ್ಲಾ ವ್ಯಕ್ತಿಗಳಿಗೂ, ಕಾನೂನು ನೋಡೋಕೆ ಚೆನ್ನಾಗಿದ್ರೂ ಜಾರಿ ಮಾಡೋ ಕೈ ಭೇದ ಮಾಡಿದ್ರೆ ಅದು ಅನ್ಯಾಯವೇ. ವೋಟ್ ಇಲ್ದಿರೋನೇ ಕೇಸ್ ಹಾಕಿ ಗೆದ್ದಿದ್ದು ಇದು, ಇದನ್ನ ನಾನು ಓದದೆ ಇನ್ಯಾರು ಓದಬೇಕು?

ಆ ರಾತ್ರಿ ರೂಮಿಗೆ ಬಂದು ಫೋನಲ್ಲಿ ನಮ್ಮ ಸಂವಿಧಾನ ತೆಗೆದೆ. ಎಸ್‌ಎಸ್‌ಎಲ್‌ಸೀಲಿ ಜಾರಿಗೆ ಬಂದ ತಾರೀಖು, ಕರಡು ಸಮಿತಿ ಅಧ್ಯಕ್ಷರು ಯಾರು ಅಂತ ಮಾರ್ಕ್ಸ್‌ಗೆ ಬಾಯಿಪಾಠ ಮಾಡಿದ್ದು ಬಿಟ್ರೆ ನಾನು ಒಂದು ಅನುಚ್ಛೇದನೂ ಪೂರ್ತಿ ಓದಿರಲಿಲ್ಲ. ಅನುಚ್ಛೇದ 14, ಕಾನೂನಿನ ಮುಂದೆ ಸಮಾನತೆ, ಅಲ್ಲಿ "ವ್ಯಕ್ತಿ". ಜೀವ, ಸ್ವಾತಂತ್ರ್ಯದ ರಕ್ಷಣೆಯ 21ರಲ್ಲೂ "ವ್ಯಕ್ತಿ". 19ಕ್ಕೆ ಬಂದ್ರೆ ಮಾತಾಡೋ ಹಕ್ಕು, ಸಭೆ ಸೇರೋ ಹಕ್ಕು, ಅಲ್ಲಿ "ನಾಗರಿಕರು". ಯಾರೋ ಕೂತು ಒಂದೊಂದು ಪದಾನೂ ತೂಗಿ ಇಟ್ಟಿದಾರೆ. ಹುಡುಕ್ತಾ ಹೋದಾಗ ಸಿಕ್ಕಿದ್ದು ಬೆನಗಲ್ ನರಸಿಂಗ ರಾವ್ ಅವರ ವಿಷಯ, ನಮ್ಮ ಮಂಗಳೂರಿನ ಕಡೆಯವರು, ಸಂವಿಧಾನ ಸಭೆಯ ಸಲಹೆಗಾರರು. ಅವರು ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟ್ ಜಡ್ಜ್ ಫ್ರಾಂಕ್‌ಫರ್ಟರ್ ಅವರನ್ನ ಭೇಟಿ ಮಾಡಿ ಬಂದಿದ್ರು. ನಾನು ಕ್ಲಾಸಲ್ಲಿ ಓದ್ತಿದ್ದ ಆ ಹದಿನಾಲ್ಕನೇ ತಿದ್ದುಪಡೀಲಿರೋ "ಡ್ಯೂ ಪ್ರೋಸೆಸ್", ಅಂದ್ರೆ ಸರಿಯಾದ ಕಾನೂನು ಕ್ರಮ, ಅನ್ನೋ ಮಾತು ಜಡ್ಜ್‌ಗಳ ಕೈಗೆ ವಿಪರೀತ ಅಧಿಕಾರ ಕೊಡುತ್ತೆ ಅಂತ ಫ್ರಾಂಕ್‌ಫರ್ಟರ್ ಎಚ್ಚರಿಸಿದ್ರಂತೆ, ಕೊನೆಗೆ ನಮ್ಮ 21ರಲ್ಲಿ ಆ ಮಾತು ಬರಲೇ ಇಲ್ಲ. ಮೂವತ್ತು ವರ್ಷ ಆದ್ಮೇಲೆ 1978ರಲ್ಲಿ ಮನೇಕಾ ಗಾಂಧಿ ಕೇಸಲ್ಲಿ ನಮ್ಮ ಸುಪ್ರೀಂ ಕೋರ್ಟ್ ಜೀವ, ಸ್ವಾತಂತ್ರ್ಯ ಕಿತ್ಕೊಳ್ಳೋ ಪ್ರಕ್ರಿಯೆ ನ್ಯಾಯವಾಗಿರಬೇಕು, ಸಕಾರಣವಾಗಿರಬೇಕು ಅಂತ ಹೇಳಿ ಹೆಚ್ಚೂಕಡಿಮೆ ಅದನ್ನೇ ಒಳಗೆ ತಂತು. ಇದೆಲ್ಲಾ ನಂಗೆ ಗೊತ್ತಾಗಿದ್ದು ಅಮೆರಿಕನ್ ಗವರ್ನಮೆಂಟ್ ಕೋರ್ಸಿಂದ.

ಈಗ ಆಗಸ್ಟಲ್ಲಿ ಹೊರಡೋ ಹುಡುಗ್ರು ಮೆಸೇಜ್ ಮಾಡಿ ಕೇಳ್ತಾರೆ, ಅಕ್ಕಾ ಇದನ್ನ ಬೇಸಿಗೆ ರಜದಲ್ಲಿ ಆನ್‌ಲೈನಲ್ಲಿ ಬೇಗ ಮುಗಿಸಿಬಿಡಬಹುದಾ ಅಂತ. ಮುಗಿಸಬಹುದು. ಕಮ್ಯುನಿಟಿ ಕಾಲೇಜಲ್ಲಿ ತಗೊಂಡ್ರೆ ಫೀಸೂ ಕಮ್ಮಿ, ಕ್ರೆಡಿಟ್ ಟ್ರಾನ್ಸ್‌ಫರ್ ಆಗುತ್ತಾ ಅಂತ ಮೊದಲೇ ಅಡ್ವೈಸರ್ ಹತ್ರ ಕೇಳ್ಕೊಳ್ಳಿ. ಟೆಕ್ಸಾಸ್ ಕೋರ್ಸ್ ಬೇಕಾದ್ರೆ ಹಾಗೆ ಮಾಡಿ. ಫೆಡರಲ್ ಮಾತ್ರ ಕ್ಲಾಸಲ್ಲಿ ಕೂತು ಓದಿ, ಎರಡು ಬಣ್ಣದ ಪೆನ್ ತಗೊಂಡು ಹೋಗಿ.